ಕೊಡದೆ ಉಳಿಸಿಕೊಂಡ ಹುಣಸೆ ಬೀಜಗಳು

ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಿಂಧನೂರಿನಲ್ಲಿ ಬಾಡಿಗೆ ಮನೆ; ಬಳಗಾನೂರಿನಿಂದ ಒಳಗೆ, ಕಾಲುವೆ ದಂಡೆಯ ಒಂದು ಸಣ್ಣ ಊರಿನಲ್ಲಿ ಕೆಲಸ. ಶಾಲೆಯಲ್ಲಿ ನಾವಿಬ್ಬರೇ ಶಿಕ್ಷಕರು. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಇರುವುದರಿಂದ ಅದರ ಪ್ರಭಾರವೂ ನನ್ನದೇ. ಹೋದ ವರ್ಷ ಐದನೇ ತರಗತಿಯ ಒಂದು ಹುಡುಗಿಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಮಾಡಿದೆ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಸಿಟ್ಟು ಅಷ್ಟು ದಿನ ಇರುವುದಿಲ್ಲ. ಐದು ತಿಂಗಳು, ಶಾಲೆ ನಡೆದ ದಿನಗಳಲ್ಲೆಲ್ಲ, ಗೊತ್ತಿದ್ದೇ ಮಾಡಿದೆ.

ಮೊದಲು ಅವಳ ಅಜ್ಜನ ವಿಷಯ ಹೇಳಬೇಕು. ನಾನು ಮಸ್ಕಿಯಲ್ಲಿ ಐದನೇ ತರಗತಿ ಓದುವಾಗ ಅವರು ನಮ್ಮ ಮಾಸ್ತರು. ತರಗತಿಯ ಗೋಡೆಗೆ ದೊಡ್ಡದೊಂದು ಡ್ರಾಯಿಂಗ್ ಹಾಳೆ ಅಂಟಿಸಿ, ಎಲ್ಲರ ಹೆಸರು ಬರೆದು, ಹೆಸರಿನ ಮುಂದೆ ಬಂಗಾರ ಬಣ್ಣದ ಕಾಗದದ ಚುಕ್ಕಿ ಹಚ್ಚುತ್ತಿದ್ದರು. ವಾರವಿಡೀ ತಪ್ಪದೆ ಬಂದರೆ ಒಂದು ಚುಕ್ಕಿ. ಮನೆಪಾಠ ಬರೆದು ತಂದರೆ ಒಂದು. ಸೋಮವಾರ ಉಗುರು, ತಲೆ, ಅಂಗಿ ಸ್ವಚ್ಛವಿದ್ದರೆ ಒಂದು. ಹೆಚ್ಚು ಚುಕ್ಕಿ ಇದ್ದ ಮೂವರ ಅರ್ಜಿಯನ್ನು ತಾವೇ ತುಂಬಿ, ತಾವೇ ಬಸ್ಸಿನಲ್ಲಿ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ, ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸುತ್ತಿದ್ದರು. ಪಾಸಾದರೆ ಆರನೇ ತರಗತಿಯಿಂದ ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಸರಕಾರದ್ದು. ಆ ಮೂವರಲ್ಲಿ ಇಲ್ಲದಿದ್ದರೆ ಅರ್ಜಿ ಎಲ್ಲಿ ಸಿಗುತ್ತದೆ ಎಂಬುದೂ ನಮ್ಮ ಮನೆಗಳಿಗೆ ಗೊತ್ತಿರಲಿಲ್ಲ.

ನಮ್ಮವ್ವ ಭತ್ತ ಹಚ್ಚುವ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಮಸ್ಕಿಯಿಂದ ಟ್ರ್ಯಾಕ್ಟರಿನಲ್ಲಿ ಬಳಗಾನೂರು, ಜವಳಗೇರಾ ಕಡೆಗೆ ಹೆಂಗಸರ ಗುಂಪು ಹೋಗುತ್ತಿತ್ತು. ಗದ್ದೆಯನ್ನು ಗುಂಪೇ ಗುತ್ತಿಗೆ ಹಿಡಿಯುತ್ತಿದ್ದರಿಂದ ಕೈಗಳು ಕಡಿಮೆಯಾದರೆ ಮೇಸ್ತ್ರಿ ಹೆಂಗಸು ಒಪ್ಪುತ್ತಿರಲಿಲ್ಲ. ಅವ್ವನ ಜೊತೆ ಇನ್ನೊಂದು ಕೈ ಎಂದರೆ ನನ್ನದು. ಹಾಗಾಗಿ ನಾಟಿಯ ದಿನಗಳಲ್ಲಿ ಬೆಳಿಗ್ಗೆ ಹಾಜರಿ ಕೂಗುವವರೆಗೆ ಶಾಲೆಯಲ್ಲಿದ್ದು, ಪ್ರಾರ್ಥನೆ ಮುಗಿದು ಸ್ವಲ್ಪ ಹೊತ್ತಿಗೆ ಹಿಂದಿನ ಗೋಡೆ ದಾಟಿ ಟ್ರ್ಯಾಕ್ಟರ್ ಹತ್ತುತ್ತಿದ್ದೆ. ಮಾಸ್ತರು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಚುಕ್ಕಿಗಳಂತೂ ಬೀಳುತ್ತಿದ್ದವು.

ಅರ್ಜಿ ತುಂಬುವ ದಿನ ನನಗೆ ಮೂವತ್ತೆರಡು ಚುಕ್ಕಿ ಇದ್ದವು. ತರಗತಿಗೆ ಎರಡನೆಯವಳು. ಯಾರೋ ಎದ್ದು ನಿಂತು ನಾನು ನಾಟಿಗೆ ಹೋಗುವ ಸುದ್ದಿ ಹೇಳಿದರು. ಮಾಸ್ತರು ನನ್ನನ್ನು ಮುಂದೆ ಕರೆದು ಕೈ ತೋರಿಸು ಎಂದರು. ಉಗುರಿನ ಸಂದಿಯಲ್ಲಿ ಕೆಸರು ಇತ್ತು. ಅದು ತಿಕ್ಕಿದರೆ ಹೋಗುವ ಕೆಸರಲ್ಲ. ಅವರು ಬೈಯಲಿಲ್ಲ. ಪೆನ್ಸಿಲ್ ಚೂಪು ಮಾಡುವ ಅರ್ಧ ಬ್ಲೇಡು ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು ಗೋಡೆಯ ಬಳಿ ಹೋಗಿ, ಹಾಳೆ ಹರಿಯದಂತೆ ಎಡಗೈಯಿಂದ ಒತ್ತಿ ಹಿಡಿದು, ನನ್ನ ಹೆಸರಿನ ಮುಂದಿನ ಚುಕ್ಕಿಗಳನ್ನು ಒಂದೊಂದಾಗಿ ಕೆರೆದರು. ಹನ್ನೊಂದು. ಪ್ರತಿಯೊಂದಕ್ಕೂ ಸಮಯ ತೆಗೆದುಕೊಂಡರು. ಆಮೇಲೆ ತಿರುಗಿ, ಸಮಾಧಾನದಿಂದ, "ಕೆಸರಾಗ ಇರೋರಿಗೆ ಚುಕ್ಕಿ ಯಾಕವಾ?" ಎಂದರು. ಮಕ್ಕಳು ನಕ್ಕರು. ನಾನು ನಾಲ್ಕನೆಯವಳಾದೆ.

ಏಳನೇ ತರಗತಿಯ ನಂತರ ಎರಡು ವರ್ಷ ನಾನು ಶಾಲೆಗೆ ಹೋಗಲಿಲ್ಲ. ಆಮೇಲೆ ಹೇಗೋ ಓದಿದೆ, ತಡವಾಗಿ ತರಬೇತಿ ಮುಗಿಸಿದೆ, ಇನ್ನೂ ತಡವಾಗಿ ನೌಕರಿ ಸಿಕ್ಕಿತು. ಆ ವರ್ಷಗಳಲ್ಲಿ ನಾನು ಮಾಸ್ತರ ಸಾವನ್ನು ಬಯಸಲಿಲ್ಲ. ಬದುಕಿರಲಿ, ಗಟ್ಟಿಯಾಗಿರಲಿ, ಕಣ್ಣು ಕಿವಿ ಚೆನ್ನಾಗಿರಲಿ, ಒಂದು ದಿನ ನನ್ನ ಮುಂದೆ ಏನಾದರೂ ಬೇಡುತ್ತ ನಿಲ್ಲಲಿ ಎಂದು ಬಯಸಿದೆ. ಅವ್ವ ತನ್ನ ಹರಕೆಗಳನ್ನು ಮರೆಯುತ್ತಿದ್ದಳು. ನಾನು ಇದನ್ನು ಮರೆಯಲಿಲ್ಲ.

ನನ್ನ ತರಗತಿಯ ಮಕ್ಕಳು ಹೆಚ್ಚಿನವರು ನಾಟಿ, ಕಳೆ, ಕೊಯ್ಲಿಗೆ ಹೋಗುವವರ ಮಕ್ಕಳು. ಕೆಲವರ ಮನೆಯಲ್ಲಿ ಕುರಿ ಇವೆ. ಅವರಿಗೆ ಉತ್ಸಾಹ ಬರಲೆಂದು ನಾನೂ ಒಂದು ಬಹುಮಾನದ ಪದ್ಧತಿ ಇಟ್ಟೆ. ಮಾಸ್ತರದ್ದನ್ನು ಒಳಗಿನದು ಹೊರಗೆ ತಿರುಗಿಸಿ ಹೊಲಿದಂತೆ. ಹಾಜರಿಗೆ ಏನೂ ಇಲ್ಲ, ಸ್ವಚ್ಛತೆಗೆ ಏನೂ ಇಲ್ಲ. ಅವೆರಡೂ ಮನೆಯ ಕೈಯಲ್ಲಿರುತ್ತವೆ, ಮಗುವಿನ ಕೈಯಲ್ಲಿ ಇರುವುದಿಲ್ಲ. ತಿಳಿಯದ್ದನ್ನು ಕೇಳಿದರೆ ಒಂದು ಹುಣಸೆ ಬೀಜ. ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿದರೆ ಒಂದು. ಪಕ್ಕದವರಿಗೆ ಲೆಕ್ಕ ತಿಳಿಸಿ ಹೇಳಿದರೆ ಎರಡು. ನಾಟಿ ಮುಗಿಸಿ ಮಧ್ಯಾಹ್ನ ಬಂದವರಿಗೆ, ಬಂದದ್ದಕ್ಕೇ ಒಂದು. ಕೊಟ್ಟ ಬೀಜವನ್ನು ಯಾವ ಕಾರಣಕ್ಕೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಇದು ಮೊದಲ ನಿಯಮ, ಗೋಡೆಯ ಮೇಲೆ ಬರೆದಿದ್ದೆ.

ಶುರುವಿನಲ್ಲಿ ನಗೆಪಾಟಲಾಯಿತು. ಹುಣಸೆ ಬೀಜ ಇಲ್ಲದ ಅಡುಗೆಮನೆ ಇರುತ್ತದೆಯೇ? ಎರಡನೇ ವಾರ ಮಕ್ಕಳು ಕಿಸೆ ತುಂಬ ಬೀಜ ತಂದು, ಶನಿವಾರ ಬೀಜಕ್ಕೆ ಬದಲಾಗಿ ಸಾಮಾನು ಕೊಡುವ ನನ್ನ ಟ್ರಂಕನ್ನು ಅರ್ಧ ಖಾಲಿ ಮಾಡಿದರು. ಆಮೇಲೆ ಸಿಂಧನೂರಿನ ಬಳೆ ಅಂಗಡಿಯಿಂದ ಕೆಂಪು ನೇಲ್ ಪಾಲಿಶ್ ತಂದು ಪ್ರತಿ ಬೀಜಕ್ಕೂ ಒಂದು ಬೊಟ್ಟು ಇಟ್ಟೆ. ಪ್ರತಿಯೊಬ್ಬರಿಗೂ ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿ. ಶನಿವಾರ ಟ್ರಂಕು ತೆರೆದರೆ ಪೆನ್ಸಿಲ್, ಕಂಪಾಸ್ ಪೆಟ್ಟಿಗೆ, ರಿಬ್ಬನ್, ತಲೆಪಿನ್ನು, ಮೈಸೋಪು. ಸೋಪನ್ನು ಎಲ್ಲರೂ ಒಮ್ಮೆ ಮೂಸಿ ನೋಡಿಯೇ ಮುಂದೆ ಹೋಗುತ್ತಿದ್ದರು. ಬೀಜ ಖರ್ಚು ಮಾಡದೆ ಕೂಡಿಟ್ಟುಕೊಳ್ಳಲೂಬಹುದು. ನವೆಂಬರ್ ಕೊನೆಗೆ ಯಾರ ಡಬ್ಬಿಯಲ್ಲಿ ಹೆಚ್ಚು ಇವೆಯೋ ಆ ಐವರಿಗೆ ವಸತಿ ಶಾಲೆಯ ಪರೀಕ್ಷೆಗೆ ನಾನೇ ಪಾಠ ಹೇಳಿ, ಅರ್ಜಿಗೆ ಸಹಿ ಹಾಕಿ, ಲಿಂಗಸುಗೂರಿಗೆ ಕರೆದುಕೊಂಡು ಹೋಗುವುದು. ಸೋಪು ಬೇಕಾದ ಮಗು ಸೋಪು ತೆಗೆದುಕೊಂಡರೆ ಪರೀಕ್ಷೆಯಿಂದ ಅಷ್ಟು ದೂರ ಸರಿಯುತ್ತಿತ್ತು. ಇದು ನನಗೆ ಆಗ ಹೊಳೆದಿರಲಿಲ್ಲ. ಯಾಕೆ ಐವರೇ ಎಂದು ಕೇಳಿದವರಿಗೆ ನನ್ನ ಬಳಿ ಇರುವುದು ಐದು ಸೆಟ್ ಪುಸ್ತಕ ಎನ್ನುತ್ತಿದ್ದೆ. ಸಿಂಧನೂರಿನಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಕೊರತೆ ಇಲ್ಲ. ಆದರೂ ಹಾಗೆ ಎನ್ನುತ್ತಿದ್ದೆ.

ಹೋದ ವರ್ಷ ಜೂನ್‌ನಲ್ಲಿ ಮಾಸ್ತರು ಬಂದರು. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು. ನನಗೆ ಗುರುತು ಹತ್ತಿದ್ದು ಮುಖದಿಂದಲ್ಲ. ಟಿಸಿಯ ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರದಂತೆ ಎಡಗೈಯನ್ನು ಅಗಲಿಸಿ ಒತ್ತಿ ಹಿಡಿದರಲ್ಲ, ಆ ಕೈಯಿಂದ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಸಿಂಧನೂರಿನಲ್ಲಿ ಮಗನ ಅಂಗಡಿ ಮುಚ್ಚಿತೆಂದೂ, ಎಲ್ಲರೂ ಈ ಊರಿನ ತಮ್ಮ ಹೆಂಡತಿಯ ತವರಿನ ಮನೆಯಲ್ಲಿ ಬಂದು ಇದ್ದಾರೆಂದೂ, ಇಂಗ್ಲಿಷ್ ಶಾಲೆಯ ಫೀಸು ಇನ್ನು ಸಾಧ್ಯವಿಲ್ಲವೆಂದೂ ಹೇಳಿದರು. ಆಮೇಲೆ, "ಈಕಿನ್ನ ವಸತಿ ಸಾಲಿ ಪರೀಕ್ಷಾಕ ಕೂಡಿಸ್ರಿ ಮೇಡಂರೀ. ಇದೊಂದ ದಾರಿ ಉಳದೈತಿ" ಎಂದರು.

ನಾನು ನೋಡೋಣ ಎಂದೆ. ಅವರು ಕೈ ಮುಗಿದರು. ಬಸ್ಸಿನಲ್ಲಿ ಸಿಂಧನೂರಿಗೆ ಮರಳುವಾಗ ಕಿಟಕಿಯ ಪಕ್ಕ ಕೂತು ಆ ಕೈಮುಗಿದ ಗಳಿಗೆಯನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಅಷ್ಟು ಸಂತೋಷ ನನಗೆ ನೌಕರಿ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ.

ಹುಡುಗಿ ಚುರುಕು. ಮೊದಲ ದಿನ ನನ್ನನ್ನು ಮಿಸ್ ಎಂದು ಕರೆದಳು. ಮಕ್ಕಳೆಲ್ಲ ನಕ್ಕು, ವಾರವಿಡೀ ಪರಸ್ಪರರನ್ನು ಮಿಸ್ ಎಂದು ಕರೆದುಕೊಂಡು ಮಜಾ ಮಾಡಿದರು. ಅವಳಿಗೆ ಕನ್ನಡದ ಒತ್ತಕ್ಷರ ಕಷ್ಟ, ಲೆಕ್ಕ ಸಲೀಸು. ಪ್ರಶ್ನೆ ಬಂದರೆ ಕೇಳುತ್ತಿದ್ದಳು. ತಪ್ಪಾದರೆ ತಾನೇ ತಿದ್ದುತ್ತಿದ್ದಳು. ಪಕ್ಕದವರಿಗೆ ಹೇಳಿಕೊಡುತ್ತಿದ್ದಳು. ನಾನು ಯಾವುದಕ್ಕೆ ಬೀಜ ಎಂದು ಗೋಡೆಯ ಮೇಲೆ ಬರೆದಿದ್ದೆನೋ ಅದನ್ನೆಲ್ಲ ಮಾಡುತ್ತಿದ್ದಳು.

ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮವನ್ನು ನಾನು ಮುರಿಯಲಿಲ್ಲ. ಕೊಡುವುದನ್ನು ಕಡಿಮೆ ಮಾಡಿದೆ, ಅಷ್ಟೇ. ಪೂರ್ತಿ ನಿಲ್ಲಿಸಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಅವಳ ಕೈ ಎಲ್ಲರಿಗಿಂತ ಮೊದಲು ಎದ್ದಾಗ ನನ್ನ ಕಣ್ಣು ಹಿಂದಿನ ಸಾಲಿಗೆ ಹೋಗುತ್ತಿತ್ತು. ಎರಡು ಕೊಡಬೇಕಾದಲ್ಲಿ ಒಂದು ಕೊಟ್ಟೆ. ಅವಳು ತಿದ್ದಿದ ಲೆಕ್ಕವನ್ನು ನೋಡಿ ಸರಿ ಎಂದು ಹೇಳಿ ಮುಂದೆ ನಡೆದೆ. ಹಾಗೆ ಕೊಡದೆ ಉಳಿಸಿದ ಪ್ರತಿ ಬೀಜವನ್ನು ನನ್ನ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಾಕುತ್ತಿದ್ದೆ. ಯಾಕೆಂದರೆ ಎಷ್ಟಾಯಿತು ಎಂದು ನನಗೆ ಗೊತ್ತಿರಬೇಕಿತ್ತು. ಹನ್ನೊಂದು ದಾಟಿದ ದಿನ ನಿಲ್ಲಿಸಬಹುದಿತ್ತು. ಸರಿಗೆ ಸರಿ ಆಗಿತ್ತು. ನಿಲ್ಲಿಸಲಿಲ್ಲ.

ಮಾಸ್ತರು ತಿಂಗಳಿಗೊಮ್ಮೆ ಬಂದು ವಿಚಾರಿಸುತ್ತಿದ್ದರು. ಆಗಸ್ಟ್‌ನಲ್ಲಿ ಒಮ್ಮೆ ಬಂದು ಮೊಮ್ಮಗಳ ಡಬ್ಬಿಯನ್ನು ಬೆಳಕಿಗೆ ಹಿಡಿದು, ಇಷ್ಟೇ ಯಾಕೆ, ಹುಡುಗಿ ಸರಿಯಾಗಿ ಓದುತ್ತಿಲ್ಲವೇ ಎಂದು ಕೇಳಿದರು. ಇನ್ನೂ ಹೊಂದಿಕೊಂಡಿಲ್ಲ ಎಂದೆ. ಅವರು ನನ್ನೆದುರಿಗೇ ಅವಳ ತಲೆಗೆ ಬೆರಳ ಗೆಣ್ಣಿನಿಂದ ಮೊಟಕಿದರು. ಹುಡುಗಿ ನೆಲ ನೋಡಿದಳು. ಅದನ್ನು ನೋಡುತ್ತ ನಾನು ಸುಮ್ಮನೆ ನಿಂತಿದ್ದೆ.

ನವೆಂಬರ್ ಕೊನೆಯ ಶನಿವಾರ, ಮಕ್ಕಳು ಊಟಕ್ಕೆ ಕೂತಿದ್ದಾಗ, ನಾನು ಒಬ್ಬಳೇ ಡಬ್ಬಿಗಳನ್ನು ಎಣಿಸಿದೆ. ಅವಳಿಗೆ ನಾನು ಕೊಟ್ಟದ್ದು ಮೂವತ್ತನಾಲ್ಕು. ಅವಳು ಒಂದನ್ನೂ ಖರ್ಚು ಮಾಡಿರಲಿಲ್ಲ. ಡಬ್ಬಿಯಲ್ಲಿ ಐವತ್ತಾರು ಇದ್ದವು. ಮತ್ತೆ ಎಣಿಸಿದೆ. ಐವತ್ತಾರು. ಎಲ್ಲಕ್ಕೂ ಕೆಂಪು ಬೊಟ್ಟು ಇತ್ತು, ಎಲ್ಲ ನನ್ನ ಕೈಯಿಂದಲೇ ಇಟ್ಟ ಬೊಟ್ಟು. ಅಂದರೆ ಮನೆಯಿಂದ ತಂದದ್ದಲ್ಲ. ನನ್ನ ಟ್ರಂಕಿನಿಂದ ತೆಗೆದಿರಬೇಕು, ಇಲ್ಲವೇ ಬೇರೆ ಮಕ್ಕಳ ಡಬ್ಬಿಗಳಿಂದ. ಹೆಚ್ಚು ಬೀಜವಿದ್ದ ಐವರಲ್ಲಿ ಕೊನೆಯ ಡಬ್ಬಿಯಲ್ಲಿ ಐವತ್ತು ಇದ್ದವು. ಈ ಇಪ್ಪತ್ತೆರಡು ಇಲ್ಲದಿದ್ದರೆ ಅವಳು ಪರೀಕ್ಷೆಗಿಲ್ಲ.

ಕಳ್ಳಿ ಎಂಬ ಮಾತು ಮನಸ್ಸಿಗೆ ಬಂದಾಗ ನನಗೆ ಹಿಗ್ಗಾಯಿತು. ಅದನ್ನು ಬೇರೆ ರೀತಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ. ಎಲ್ಲರೆದುರು, ಮೊಮ್ಮಗಳು ತಲೆ ತಗ್ಗಿಸಿ ನಿಂತಿರುವಾಗ, ಮಾಸ್ತರು ನೋಡಬೇಕು. ಬಿಸಿಯೂಟದ ಅಡುಗೆಯ ಅಕ್ಕನನ್ನು ಕಳಿಸಿ ಅವರನ್ನು ಕರೆಸಿದೆ.

ಅವರು ಬಂದು ಬಾಗಿಲ ಹತ್ತಿರ ನಿಂತರು. ಕೂರಲು ಹೇಳಲಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ಹುಡುಗಿಯನ್ನು ಮುಂದೆ ಕರೆದು, ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಒಂದೆರಡು ಬೀಜ ಉರುಳಿ ಕೆಳಗೆ ಬಿದ್ದವು. ನಾನು ಕೊಟ್ಟದ್ದೆಷ್ಟು, ಇಲ್ಲಿರುವುದೆಷ್ಟು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಉಳಿದವು ಎಲ್ಲಿಂದ ಬಂದವು ಎಂದು ಕೇಳಿದೆ.

ಹುಡುಗಿ ಅಳಲಿಲ್ಲ. ಗೊಂದಲದಿಂದ ನನ್ನನ್ನೇ ನೋಡಿದಳು. "ನೀವ ಹಾಕ್ತೀರಿ ಅನ್ಕೊಂಡಿದ್ದೆ ಮಿಸ್," ಎಂದಳು. "ಎಲ್ಲಾರ ಮುಂದ ಕೊಡಂಗಿಲ್ಲ, ಆಮ್ಯಾಲೆ ಹಾಕ್ತೀರಿ ಅಂತ."

ಆ ಮಾತಿಗೆ ಏನು ಅರ್ಥ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದಳು. ಅವಳ ತಾಯಿ ಇದೇ ಊರಿನ ನಾಟಿ ಗುಂಪಿನಲ್ಲಿದ್ದಾಳೆ. ಇವಳೂ ನಾಟಿಯ ದಿನಗಳಲ್ಲಿ ಅರ್ಧ ದಿನ ಗದ್ದೆಯಲ್ಲಿ, ಅರ್ಧ ದಿನ ನನ್ನ ತರಗತಿಯಲ್ಲಿ. ಬಾಯಿ ಜೋರು. ಕೈ ಕಟ್ಟಿಕೊಂಡು ನಿಂತು ಹೇಳಿದಳು:

"ನಾವ್ ಹಾಕೀವ್ರೀ ಟೀಚರ್. ಆಕಿ ಕೈ ಎತ್ತಿದ್ರೂ ನೀವು ಕೊಡವಲ್ರಿ. ಆಕಿ ಸಾಲು ಹಿಂದ ಬೀಳಾಕತ್ತಿತ್ತು."

ಭತ್ತ ಹಚ್ಚಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಂಗಸರು ಒಂದೇ ನೇರದಲ್ಲಿ ನಿಂತು, ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ತಮ್ಮ ತಮ್ಮ ಸಾಲು ಹಚ್ಚುತ್ತ ಬರುತ್ತಾರೆ. ಒಬ್ಬಳಿಗೆ ಮೈ ಸರಿಯಿಲ್ಲದೆಯೋ, ಸಸಿಯ ಕಟ್ಟು ದೂರ ಬಿದ್ದೋ ತಡವಾದರೆ, ಎಡಬಲದವರು ಕೇಳದೆ, ಹೇಳದೆ ಅವಳ ಸಾಲಿನಲ್ಲೂ ನಾಲ್ಕು ನಾಲ್ಕು ಸಸಿ ಹಚ್ಚಿ ಅವಳನ್ನು ಸರಿಗೂಡಿಸುತ್ತಾರೆ. ಮೇಸ್ತ್ರಿ ತಲೆ ಎತ್ತಿ ನೋಡುವ ಹೊತ್ತಿಗೆ ಎಲ್ಲರೂ ಒಂದೇ ನೇರದಲ್ಲಿರಬೇಕು. ನನ್ನ ಸಾಲಿನಲ್ಲೂ ಎಷ್ಟೋ ಹೆಂಗಸರು ಹಚ್ಚಿದ್ದರು. ಅದನ್ನು ನಾನು ಮರೆತಿದ್ದೆ. ಮಕ್ಕಳು ನನ್ನನ್ನು ಮೇಸ್ತ್ರಿಯ ಜಾಗದಲ್ಲಿ ಇಟ್ಟು ನೋಡಿದ್ದರು. ನಾನು ಕೊಡದಿದ್ದುದನ್ನು ಕಂಡಾಗಲೆಲ್ಲ ಒಬ್ಬರಲ್ಲ ಒಬ್ಬರು ತಮ್ಮದರಲ್ಲಿ ಒಂದನ್ನು ತೆಗೆದು ಅವಳ ಡಬ್ಬಿಗೆ ಹಾಕಿದ್ದರು.

"ಪುಕ್ಕಟ ಅಲ್ರೀ," ಎಂದಳು ಆ ಹುಡುಗಿ. "ನಂದ ಹನ್ನೆರಡು ಅದಾವ. ಆಕಿ ವಾಪಸ್ ಮಾಡಬೇಕು."

ಮಕ್ಕಳು ನಕ್ಕರು. ನನ್ನ ಬ್ಯಾಗಿನಲ್ಲಿ ಇಪ್ಪತ್ತೊಂಬತ್ತು ಬೀಜಗಳಿದ್ದವು. ಮಕ್ಕಳು ಹಾಕಿದ್ದು ಇಪ್ಪತ್ತೆರಡು. ಇಪ್ಪತ್ತೆರಡು ಸಲ ಅವರು ನೋಡಿದ್ದರು. ಏಳು ಸಲ ಮಾತ್ರ ಯಾರಿಗೂ ಕಾಣದಂತೆ ಮಾಡಲು ನನಗೆ ಸಾಧ್ಯವಾಗಿತ್ತು. ಹನ್ನೆರಡು ಕೊಟ್ಟ ಆ ಹುಡುಗಿಯ ಡಬ್ಬಿಯಲ್ಲಿ ಈಗ ನಲವತ್ತೇಳಿದ್ದವು. ಅವಳು ಐವರಿಂದ ಹೊರಗೆ ಬಿದ್ದಿದ್ದಳು.

ಮಾಸ್ತರು ಒಳಗೆ ಬಂದರು. ಮೊಮ್ಮಗಳ ಹೆಗಲ ಮೇಲೆ ಕೈ ಇಟ್ಟು, ಮಕ್ಕಳಿಗೆ ಹೀಗೆ ಮಾಡಬಾರದು, ತಾನೂ ಮೂವತ್ತು ವರ್ಷ ಪಾಠ ಹೇಳಿದವನು ಎಂದು ನನಗೆ ಬುದ್ಧಿ ಹೇಳತೊಡಗಿದರು. ಅವರು, ನನಗೆ. ನಾನು ಮಕ್ಕಳನ್ನು ಹೊರಗೆ ಆಟಕ್ಕೆ ಬಿಟ್ಟೆ. ಮಕ್ಕಳು ಹೋಗುವವರೆಗೆ ಕಾದೆ. ಆಮೇಲೆ ಮಸ್ಕಿಯ ಶಾಲೆ, ಗೋಡೆಯ ಹಾಳೆ, ಬ್ಲೇಡು, ಹನ್ನೊಂದು ಚುಕ್ಕಿ, ಅವರು ಆಡಿದ ಮಾತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಎಷ್ಟೋ ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದ ಮಾತುಗಳು ತೊಡರದೆ ಬಂದವು.

ಅವರು ಕಣ್ಣು ಕಿರಿದು ಮಾಡಿ ನನ್ನ ಮುಖವನ್ನು ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದರು. ಅದು ನನಗೆ ಕಾಣುತ್ತಿತ್ತು.

"ಭಾಳ ಮಂದೀದು ಕೆರದೀನವಾ," ಎಂದರು. "ನೀ ಯಾವ ವರ್ಷದಾಕಿ?"

ರೀ ಹೋಗಿತ್ತು, ಮೇಡಂ ಹೋಗಿತ್ತು. ನಾನು ಮತ್ತೆ ಐದನೇ ತರಗತಿಯಲ್ಲಿ ನಿಂತಿದ್ದೆ. ಇಷ್ಟು ವರ್ಷ ನಾನು ಹೊತ್ತುಕೊಂಡು ಬಂದದ್ದು ಅವರ ಬಳಿ ಇರಲೇ ಇಲ್ಲ. ಅದನ್ನು ಅವರಿಗೆ ವಾಪಸ್ ಕೊಡಲು ಜಾಗವೇ ಇರಲಿಲ್ಲ. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಮೊದಲೇ ಯೋಚಿಸಿರಲಿಲ್ಲ.

"ಮೊಮ್ಮಗಳ ಅರ್ಜಿಗೆ ನನ್ನ ಸಹಿ ಬೇಕಂದ್ರ, ಸೋಮವಾರದಿಂದ ಮಧ್ಯಾಹ್ನ ಬರ್ರಿ," ಎಂದೆ. "ಪರೀಕ್ಷಾಕ ಕೂಡೋರಿಗೆಲ್ಲಾ ಲೆಕ್ಕ ಹೇಳ್ರಿ. ನಾಟಿಯಿಂದ ಬಂದೋರಿಗೂ. ಖುರ್ಚಿ ಇಲ್ಲ. ನೆಲದಮ್ಯಾಲೆ ಕೂಡಬೇಕು."

ಅವರು ಬರಿಯ ನೆಲವನ್ನು ಒಮ್ಮೆ ನೋಡಿದರು. ಆಮೇಲೆ ಎಷ್ಟು ಗಂಟೆಗೆ ಎಂದು ಕೇಳಿದರು.

ಆ ಭಾನುವಾರ ಐದು ಸೆಟ್ ಪುಸ್ತಕವನ್ನು ಜೆರಾಕ್ಸ್ ಮಾಡಿಸಿದೆ. ಹನ್ನೊಂದು ಮಕ್ಕಳು ಪರೀಕ್ಷೆಗೆ ಕೂರುತ್ತೇವೆ ಎಂದರು. ಹನ್ನೊಂದು ಅರ್ಜಿಗೂ ಸಹಿ ಹಾಕಿದೆ. ಇಪ್ಪತ್ತೊಂಬತ್ತು ಬೀಜಗಳನ್ನು ಸೋಮವಾರ ಎಲ್ಲರೆದುರು ಆ ಹುಡುಗಿಗೆ ಕೊಟ್ಟೆ. ಇವು ನಿನ್ನವು, ನಾನು ಕೊಟ್ಟಿರಲಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಅಲ್ಲಿಂದಾಚೆಗೆ ಅವಳು ನನ್ನೆದುರು ಕೈ ಎತ್ತುವುದನ್ನೂ ಬಿಟ್ಟಳು.

ಮಾಸ್ತರು ದಿನವೂ ಬಂದರು. ಜನವರಿಯಲ್ಲಿ ಕಾಲುವೆಗೆ ನೀರು ಬಿಟ್ಟು ಎರಡನೇ ಬೆಳೆಯ ನಾಟಿ ಶುರುವಾದಾಗ ನಾಲ್ಕೈದು ಹುಡುಗಿಯರು ಗದ್ದೆಯಿಂದ ನೇರವಾಗಿ, ಮೊಣಕಾಲವರೆಗೆ ಕೆಸರಿನಲ್ಲಿ ಬರುತ್ತಿದ್ದರು. ಅವರ ನಡುವೆ ಮಾಸ್ತರು ಕಾಲು ಮಡಚಿ ಕೂರುತ್ತಿದ್ದರು. ಏಳುವಾಗ ಗೋಡೆ ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಬಾಗಿಲಿಂದ ನೋಡುತ್ತಿದ್ದೆ. ಒಂದು ದಿನವೂ ಹೋಗಿ ಕೈ ಕೊಡಲಿಲ್ಲ. ಅಡುಗೆಯ ಅಕ್ಕ ನೋಡಲಾರದೆ ಒಂದು ಗೋಣಿಚೀಲ ಮಡಚಿ ತಂದು ಹಾಸಿದಳು. ಅದನ್ನು ತೆಗೆಸಿದೆ.

ನನಗೆ ಸಹಿಸಲಾಗದ್ದು ಬೇರೆಯೇ ಇತ್ತು. ಅವರು ಲೆಕ್ಕವನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಭಿನ್ನರಾಶಿಯನ್ನು ಮಡಿ ಕಟ್ಟಿದ ಗದ್ದೆಯಾಗಿ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಆ ಬಾಯಿ ಜೋರಿನ ಹುಡುಗಿ ಅವರನ್ನು ಅಜ್ಜಾ ಎಂದು ಕರೆದು, "ನಿಮ್ಮ ಗದ್ದಿಗೆ ನೀರ ಬಂದಿಲ್ಲ ನೋಡ್ರಿ ಅಜ್ಜಾ" ಎಂದು ಅವರ ತಪ್ಪನ್ನೇ ಹಿಡಿದಾಗ ಅವರು ಗಟ್ಟಿಯಾಗಿ ನಕ್ಕರು. ಶಿಕ್ಷೆ ಎಂದು ನಾನು ಕೊಟ್ಟದ್ದು ಅವರ ಕೈಗೆ ಹೋಗಿ ಮತ್ತೇನೋ ಆಯಿತು. ಅಷ್ಟು ಒಳ್ಳೆಯ ಪಾಠವನ್ನು ಮಸ್ಕಿಯಲ್ಲಿ ಆ ವರ್ಷ ನಾನೂ ಕೇಳಿಸಿಕೊಂಡಿದ್ದೆ ತಾನೇ ಎಂದು ನೆನಪಾಗಿ, ನನ್ನ ದ್ವೇಷ ಇನ್ನಷ್ಟು ಗಟ್ಟಿಯಾಯಿತು.

ಫೆಬ್ರವರಿಯಲ್ಲಿ ಹನ್ನೊಂದು ಮಕ್ಕಳನ್ನು ಟೆಂಪೋದಲ್ಲಿ ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ಮಾಸ್ತರೂ ಬಂದರು. ಮಕ್ಕಳು ಒಳಗೆ ಹೋದ ಮೇಲೆ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಾವಿಬ್ಬರೇ ನಿಂತೆವು. ಅವರು ಎರಡು ಕಪ್ ಚಹಾ ತಂದರು. ನನಗೆ ಬೇಡ ಎಂದೆ. ಅವರು ಎರಡನ್ನೂ ಕಟ್ಟೆಯ ಮೇಲಿಟ್ಟು, ಗೇಟಿನ ಕಡೆ ನೋಡುತ್ತ ಕೇಳಿದರು:

"ಆವತ್ತು ನೀ ಪರೀಕ್ಷಾಕ ಕೂತಿದ್ರ ಪಾಸ್ ಆಗ್ತಿದ್ದೇನು?"

"ಗೊತ್ತಿಲ್ಲ," ಎಂದೆ. "ಗೊತ್ತು ಮಾಡ್ಕೊಳ್ಳಾಕ ನೀವು ಬಿಡಲಿಲ್ಲ."

ಅವರು ತಲೆಯಾಡಿಸಿದರು. ತಪ್ಪಾಯಿತು ಎನ್ನಲಿಲ್ಲ. ತಮ್ಮ ಚಹಾ ಕುಡಿದರು, ಸ್ವಲ್ಪ ಹೊತ್ತಿನ ಮೇಲೆ ಆರಿಹೋಗಿದ್ದ ನನ್ನದನ್ನೂ ಕುಡಿದರು.

ಫಲಿತಾಂಶದ ಪಟ್ಟಿ ನನ್ನ ಮೊಬೈಲಿಗೆ ಬಂದದ್ದು ಒಂದು ಮಧ್ಯಾಹ್ನ, ಊಟದ ಗಂಟೆಗೆ ಸ್ವಲ್ಪ ಮೊದಲು. ಮೊದಲು ಹುಡುಕಿದ್ದು ಮಾಸ್ತರ ಮೊಮ್ಮಗಳ ಹೆಸರನ್ನು. ಇರದಿರಲಿ ಎಂದು ಹುಡುಕಿದೆ. ಇತ್ತು. ಆಮೇಲೆ ಉಳಿದ ಹತ್ತು ಹೆಸರುಗಳನ್ನು ಹುಡುಕಿದೆ. ಕುರಿ ಕಾಯುವವರ ಮನೆಯ ಒಬ್ಬನ ಹೆಸರಿತ್ತು. ಹನ್ನೆರಡು ಬೀಜ ಹಾಕಿದ ಹುಡುಗಿಯ ಹೆಸರು ಇರಲಿಲ್ಲ. ಆಮೇಲೆ ಬಂದ ಎರಡನೇ ಪಟ್ಟಿಯಲ್ಲೂ ಇರಲಿಲ್ಲ. ನಾಲ್ಕು ವರ್ಷದ ಇಂಗ್ಲಿಷ್ ಶಾಲೆ ಒಂದು ಕಡೆ, ಅರ್ಧರ್ಧ ದಿನದ ನನ್ನ ಶಾಲೆ ಒಂದು ಕಡೆ. ಐದು ತಿಂಗಳು ಆ ಒಬ್ಬಳನ್ನು ತಡೆಯಲು ಇಟ್ಟ ಗಮನದಲ್ಲಿ ಅರ್ಧವನ್ನು ಈ ಒಬ್ಬಳಿಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ, ಅದನ್ನೂ ಇನ್ನು ಗೊತ್ತು ಮಾಡಿಕೊಳ್ಳಲಾಗದು.

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಮೊಬೈಲ್ ನೋಡುತ್ತಿದ್ದ ನನ್ನ ಮುಖ ನೋಡಿ ತನ್ನದು ಏನಾಯಿತೆಂದು ತಿಳಿದುಕೊಂಡಳು. ಆಕಿದಾದರೂ ಆಯಿತೇ ಎಂದು ಕೇಳಿದಳು. ಆಯಿತು ಎಂದೆ.

"ಹಂಗಾರ ಆಕಿ ಹೊಂಟ್ಲು," ಎಂದಳು. ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ನೆಲ ಕೆರೆದಳು. "ನಂದ್ಯಾರು ವಾಪಸ್ ಮಾಡ್ತಾರ್ರೀ ಟೀಚರ್?"

ನಾನು ಮಾಡುತ್ತೇನೆ ಎಂದೆ. ದಿನವೂ ಶಾಲೆ ಬಿಟ್ಟ ಮೇಲೆ ಒಂದು ತಾಸು ನಿನಗೊಬ್ಬಳಿಗೇ ಪಾಠ ಹೇಳುತ್ತೇನೆ, ಮುಂದೆ ಬೇರೆ ಪರೀಕ್ಷೆಗಳೂ ಇರುತ್ತವೆ ಎಂದೆ. ಅವಳು ನನ್ನನ್ನು ನಂಬಿದಂತೆ ಕಾಣಲಿಲ್ಲ. ನಂಬಬೇಕೆಂದು ಕೇಳುವ ಹಕ್ಕು ನನಗೂ ಇರಲಿಲ್ಲ. ಒಂದು ತಾಸು ಅಂದರೆ ಒಂದು ತಾಸು ಪೂರ್ತಿ ಆಗಬೇಕು ಎಂದಳು. ಹೂಂ ಎಂದೆ.

ಆಮೇಲೆ ಅವಳೇ, ಮಾಸ್ತರ ಮನೆಗೆ ಓಡಿ ಹೋಗಿ ಸುದ್ದಿ ಹೇಳಿ ಬರುತ್ತೇನೆ, ಅಜ್ಜ ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಾನೆ, ಆಕಿಗೆ ಜ್ವರ, ಇವತ್ತು ಬಂದಿಲ್ಲ ಎಂದಳು. ಹೋಗಲು ತಿರುಗಿದವಳ ಕೈ ಹಿಡಿದೆ.

"ಊಟ ಮಾಡಿ ಹೋಗು," ಎಂದೆ.

ಅವಳು ತಟ್ಟೆ ತೊಳೆದುಕೊಂಡು ಬಂದು ಸಾಲಿನಲ್ಲಿ ಕೂತಳು. ನಾನೇ ಬಡಿಸಿದೆ. ಅನ್ನ, ಸಾರು, ಎರಡನೇ ಸಲ ಅನ್ನ. ಅವಸರ ಮಾಡಬೇಡ, ನಿಧಾನ ಉಣ್ಣು ಎಂದು ಹೇಳಿದೆ. ಅಷ್ಟು ಹೊತ್ತಾದರೂ ಅವರು ಕಾಯಲಿ.